ಹೆಬ್ಬೆರಳಿನ ಮುತ್ತು

“ಹಂದಿಮಾಂಸದ ಕಾರ್ಖಾನೆ ಅಂದ್ರೆ ಹಂದಿ ಹರಾಮು. ಹೋಟೆಲ್ ಕೆಲಸ ಅಂದ್ರೆ ಹೆಂಡ ಹರಾಮು. ತಿಂಗಳಾದ್ರೆ ಬಂದು ಸರ್ಕಾರದ ದುಡ್ಡು ಇಸ್ಕೊಳ್ಳೋದು ಮಾತ್ರ ಹರಾಮಲ್ಲ, ಅಲ್ವೇನಮ್ಮಾ?”

ಉದ್ಯೋಗ ಕಚೇರಿಯ ಕರೈವಾನೋವಾ ಮೇಡಂ ಕಿಟಕಿಯ ಆಚೆಯಿಂದ ಇದನ್ನು ಸಾಲಿನ ಕೊನೆಯಲ್ಲಿ ನಿಂತವನಿಗೂ ಕೇಳುವ ಹಾಗೆ ಹೇಳಿದಳು. ಸಾಲಿನಲ್ಲಿದ್ದವರು ನಕ್ಕರು. ಅವರೇನು ಮೇಡಂಗೆ ನೆಂಟರೂ ಅಲ್ಲ, ಇಷ್ಟರೂ ಅಲ್ಲ. ಅವರಲ್ಲಿ ಅರ್ಧ ಜನ ರಾಯ್ಫೆಯ ಹಾಗೆ ಬೆಟ್ಟದ ಮೇಲಿನ ಮುಸಲ್ಮಾನರ ಊರುಗಳಿಂದ ಬಸ್ಸು ಹಿಡಿದು ಇಳಿದು ಬಂದವರೇ. ಆದರೂ ನಕ್ಕರು. ಬೈಗುಳ ತಮ್ಮನ್ನು ಬಿಟ್ಟು ಪಕ್ಕದವರಿಗೆ ಬಿತ್ತಲ್ಲ ಅನ್ನುವ ನಗು ಅದು.

ರಾಯ್ಫೆ ಸೊಂಟದ ಮೇಲಿದ್ದ ಮಗಳನ್ನು ಬಲದಿಂದ ಎಡಕ್ಕೆ ಬದಲಿಸಿಕೊಂಡಳು. ನಾಲ್ಕು ವರ್ಷದ ಸೆಲ್ವೆ ಈಗ ಎತ್ತಿಕೊಳ್ಳುವ ಮಗುವೇನಲ್ಲ. ಆದರೆ ಕೆಳಗೆ ಬಿಟ್ಟರೆ ಓಡಾಡುತ್ತಾಳೆ, ಓಡಾಡಿದರೆ ಅದಕ್ಕೊಂದು ಬೈಗುಳ.

“ನಾ ಒಲ್ಲೆ ಅಂದಿಲ್ಲ ಮೇಡಂ. ಹೋಟ್ಲಲ್ಲಿ ರಾತ್ರಿ ಪಾಳಿ ಅಂದ್ರು. ಮಗೀನ ಯಾರತ್ರ ಬಿಡ್ಲಿ? ನಮ್ಮವ್ವ ಗ್ರೀಸ್‌ನಾಗವ್ಳೆ, ಯಾರದೋ ಮನೆ ಮುದುಕಿ ನೋಡ್ಕೊಂಡು.”

“ಗಂಡ?”

“ಜರ್ಮನೀಲಿ.”

“ಕಳಿಸ್ತಾನಾ ಏನಾದ್ರೂ?”

ರಾಯ್ಫೆ ತಲೆ ತಗ್ಗಿಸಿದಳು. ಗಾರೆ ಕೆಲಸಕ್ಕೆಂದು ಹೋದ ಜೆಮಾಲ್‌ನಿಂದ ಎರಡು ಚಳಿಗಾಲದಿಂದ ಸುದ್ದಿಯಿಲ್ಲ. ಅವನಿಗೆ ಅಲ್ಲಿ ಬೇರೊಬ್ಬಳಿದ್ದಾಳೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಈಗ ಈ ಸಾಲಿಗೂ ಗೊತ್ತಾಯಿತು.

“ಅವ್ವಾ, ಉಚ್ಚೆ,” ಎಂದಳು ಸೆಲ್ವೆ.

“ಮೇಡಂ, ಒಂದ್ಗಳಿಗೆ ಮಗೀನ ಕಕ್ಕಸಿಗೆ...”

“ಅದು ಸಿಬ್ಬಂದಿಗೆ. ಬೇಕಾದ್ರೆ ಹೊರಗೆ ಹೋಗಿ ಬಾ. ಬಂದು ಮತ್ತೆ ಸಾಲಿನ ಕೊನೇಲಿ ನಿಂತ್ಕೊ.”

ಬೆಳಗಿನಿಂದ ನಿಂತ ಸಾಲು ಅದು. ರಾಯ್ಫೆ ಮಗುವಿನ ಕಿವಿಯಲ್ಲಿ “ತಡ್ಕೊ ನನ್ನವ್ವ, ಒಂದೇ ಗಳಿಗೆ” ಎಂದಳು. ಮಗು ತಡೆದುಕೊಂಡಿತು, ತಡೆದುಕೊಂಡಷ್ಟು ಹೊತ್ತು. ಆಮೇಲೆ ರಾಯ್ಫೆಯ ಸೊಂಟ ಬೆಚ್ಚಗಾಯಿತು, ಲಂಗದ ಗುಂಟ ಇಳಿದು ನೆಲದ ಮೇಲೆ ಹರಿಯಿತು. ಹಿಂದೆ ನಿಂತವನು “ಥೂ!” ಎಂದು ಬೂಟು ಎತ್ತಿದ.

“ಅಯ್ಯೋ ಕರ್ಮವೇ! ಒರೆಸು, ಒರೆಸು! ಇದೇನು ನಿಮ್ಮ ದನದ ಕೊಟ್ಟಿಗೆ ಅಂದ್ಕೊಂಡ್ಯಾ?” ಎಂದಳು ಮೇಡಂ.

ಒರೆಸಲು ಏನೂ ಇರಲಿಲ್ಲ. ಕೈಚೀಲದಲ್ಲಿ ತಲೆವಸ್ತ್ರವಿತ್ತು. ಅವರ ಕಡೆಯ ಹೆಂಗಸರು ಪೇಟೆಗೆ ಇಳಿಯುವಾಗ ದಾರಿಯ ನೀರಿನ ತೊಟ್ಟಿಯ ಹತ್ತಿರ ಬಸ್ಸು ತಿರುಗುತ್ತಿದ್ದ ಹಾಗೆ ತಲೆವಸ್ತ್ರ ಬಿಚ್ಚಿ ಚೀಲಕ್ಕೆ ತುರುಕುತ್ತಾರೆ. ಹಿಂದಿರುಗುವಾಗ ಅದೇ ತಿರುವಿನಲ್ಲಿ ಕಟ್ಟಿಕೊಳ್ಳುತ್ತಾರೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ರಾಯ್ಫೆ ಆ ವಸ್ತ್ರವನ್ನೇ ತೆಗೆದು, ಮಂಡಿಯೂರಿ, ಕಚೇರಿಯ ನೆಲ ಒರೆಸಿದಳು. ನಮಾಜಿಗೆ ಕಟ್ಟಿಕೊಳ್ಳುವ ವಸ್ತ್ರ. ಕೆನ್ನೆ ಕಿವಿ ಎಲ್ಲ ಉರಿಯುತ್ತಿತ್ತು.

“ಕೇಳು,” ಎಂದು ಮೇಡಂ ತಲೆಯ ಮೇಲಿನಿಂದಲೇ ಹೇಳಿದಳು. “ಸ್ತಾಮೆನೋವ್ ಹೊಲಿಗೆ ಕಾರ್ಖಾನೇಲಿ ಜನ ಬೇಕಂತೆ. ಹಗಲು ಪಾಳಿ. ಹಂದೀನೂ ಇಲ್ಲ, ಹೆಂಡಾನೂ ಇಲ್ಲ, ಬರೀ ಅಂಗಿ. ಈ ಸಲ ಅವರು ‘ಒಲ್ಲೆ ಅಂದಳು’ ಅಂತ ಬರೆದು ಕಳಿಸಿದ್ರೆ ನಿನ್ನ ಹೆಸರು ಹೊಡೆದು ಹಾಕ್ತೀನಿ. ತಿಂಗಳ ದುಡ್ಡಿಲ್ಲ, ಚಳಿಗಾಲದ ಸೌದೆ ಇಲ್ಲ, ಮಗೂ ಹೆಸರಲ್ಲಿ ಬರೋದೂ ಇಲ್ಲ. ಆಮೇಲೆ ನಿನ್ನ ದೇವರ ಹತ್ರಾನೇ ಕೈ ಚಾಚು.”

ಕೆಲಸ ಸಿಕ್ಕಿತು ಎಂದು ರಾಯ್ಫೆ ನೇರ ಶಿಶುವಿಹಾರಕ್ಕೆ ಓಡಿದಳು. ಅಲ್ಲಿಯವಳು ಮಗುವಿನ ಒದ್ದೆ ಲಂಗ ನೋಡಿ ಮೂಗು ಮುರಿದು, ಕೆಲಸ ಖಾಯಂ ಆದ ತಾಯಂದಿರ ಮಕ್ಕಳಿಗೇ ಜಾಗ ಸಾಲದು, ಖಾಯಂ ಆದ ಮೇಲೆ ಬಾ ಎಂದಳು. ಖಾಯಂ ಆಗಬೇಕಾದರೆ ಕೆಲಸಕ್ಕೆ ಹೋಗಬೇಕು, ಕೆಲಸಕ್ಕೆ ಹೋಗಬೇಕಾದರೆ ಮಗುವನ್ನು ಎಲ್ಲಾದರೂ ಬಿಡಬೇಕು. ರಾಯ್ಫೆ ಇದನ್ನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದರೂ ಬಾಗಿಲು ಮಾತ್ರ ಕಾಣಲಿಲ್ಲ.

ಬಾಗಿಲು ತೋರಿಸಿದವಳು ಸಾನಿಯೆ.

ಹಿಂದೆ ತಂಬಾಕಿನ ಗೋದಾಮಾಗಿದ್ದ ಕಟ್ಟಡದಲ್ಲಿ ಸ್ತಾಮೆನೋವ್‌ನ ಹೊಲಿಗೆ ಮಿಷನ್ನುಗಳಿದ್ದವು. ಸಾನಿಯೆ ಅಲ್ಲಿನ ಮೇಸ್ತ್ರಿ ಹೆಂಗಸು. ರಾಯ್ಫೆಯ ಪಕ್ಕದ ಊರಿನವಳು, ಅದೇ ಜಾತಿ, ಅದೇ ಮಸೀದಿ. ಆದರೆ ಒಳಗೆ ಕಾಲಿಟ್ಟರೆ ಅವಳು ‘ಸೋನ್ಯಾ’.

“ನೀನಿಲ್ಲಿ ರೋಸಾ, ತಿಳೀತಾ? ರಾಯ್ಫೆ ಗೀಯ್ಫೆ ಅಂದ್ರೆ ಧಣಿ ನಾಲಿಗೆ ತೊಡರ್ತದೆ,” ಎಂದಳು ಸಾನಿಯೆ. “ಮಗೀನ ತಂದಿದ್ದೀಯಾ? ತತ್ತಾ ಇಲ್ಲಿ.”

ಮೂಲೆಯಲ್ಲಿ ಆಳೆತ್ತರದ ರಟ್ಟಿನ ಪೆಟ್ಟಿಗೆಗಳು ಸಾಲಾಗಿದ್ದವು. ಬಟ್ಟೆ ಕತ್ತರಿಸಿ ಉಳಿದ ಚಿಂದಿಯನ್ನು ಅವುಗಳಿಗೆ ಹಾಕುತ್ತಿದ್ದರು. ಸಾನಿಯೆ ಒಂದರ ಪಕ್ಕವನ್ನು ಬಾಗಿಲಿನಂತೆ ಸರಿಸಿದಳು. ಒಳಗೆ ಚಿಂದಿಯ ಮೇಲೆ ಎರಡು ಮಕ್ಕಳು ಮಲಗಿದ್ದವು.

“ಇಲ್ಲಿ ಎಲ್ಲಾರ ಮಕ್ಳೂ ಹಿಂಗೇ ಬೆಳೆದಿರಾದು. ಧಣಿ ಬಂದಾಗ, ಇನ್‌ಸ್ಪೆಕ್ಟರ್ ಬಂದಾಗ ಉಸುರು ಬಿಡಬಾರ್ದು. ಧಣಿಗೂ ಗೊತ್ತು. ಆದ್ರೆ ಕಣ್ಣಿಗೆ ಕಾಣಬಾರ್ದು, ಅಷ್ಟೇಯ.”

ಸೆಲ್ವೆಗೆ ಅದರ ಪಕ್ಕದ ಪೆಟ್ಟಿಗೆ ಸಿಕ್ಕಿತು, ಇಷ್ಟವೂ ಆಯಿತು. ಅದಕ್ಕೇ ರಾಯ್ಫೆಗೆ ಇನ್ನಷ್ಟು ಸಂಕಟವಾಯಿತು. ಬೆಕ್ಕಿನ ಮರಿಯ ಹಾಗೆ ಚಿಂದಿಯೊಳಗೆ ಹುದುಗಿಕೊಂಡು ಮಗು ದಿನವಿಡೀ ರಟ್ಟಿನ ಒಂದು ತೂತಿನಿಂದ ಹೊರಗೆ ನೋಡುತ್ತಿತ್ತು. ರಾಯ್ಫೆ ಕಾಲರುಗಳನ್ನು ಮಗುಚಿ, ಅವುಗಳ ಮೂಲೆಗಳನ್ನು ಕಡ್ಡಿಯಿಂದ ಚೂಪು ಮಾಡಿ, ಉಳಿದ ದಾರ ಕತ್ತರಿಸುತ್ತಿದ್ದಳು. ಇದು ಪರೀಕ್ಷೆಯ ಕೆಲಸ, ಸಂಬಳವಿಲ್ಲ. ಹೊಸ ಆರ್ಡರು ಶುರುವಾಗುವ ದಿನ ಪಾದ್ರಿ ಬಂದು ಮಿಷನ್ನುಗಳಿಗೆ ತೀರ್ಥ ಚಿಮುಕಿಸುತ್ತಾನೆ, ಆವತ್ತು ಧಣಿ ಹೊಸಬರನ್ನು ಖಾಯಂ ಮಾಡುತ್ತಾನೆ ಎಂದಿದ್ದಳು ಸಾನಿಯೆ.

“ತೀರ್ಥ ಚಿಮುಕಿಸ್ಲಿ. ನೀರು ತಾನೆ,” ಎಂದಳು ರಾಯ್ಫೆ.

ಊಟದ ಹೊತ್ತು. ಹೆಂಗಸರು ರೊಟ್ಟಿ, ಉಪ್ಪು ಹಚ್ಚಿದ ಟೊಮೇಟೊ, ಚೀಸು ಬಿಚ್ಚಿಕೊಂಡು ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನೀರಷ್ಟೇ ಅಲ್ಲ ಕಣಮ್ಮಿ,” ಎಂದಳು ಸಾನಿಯೆ. “ಸಾಲಾಗಿ ಹೋಗಿ ಶಿಲುಬೆಗೆ ಮುತ್ತು ಕೊಡ್ಬೇಕು.”

ರಾಯ್ಫೆ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು.

ಊರಲ್ಲಿ ಅವಳಿಗೆ ‘ಹೋಜನ ಹೆಂಡ್ತಿ’, ಅಂದರೆ ಮಸೀದಿಯ ಮುಲ್ಲಾನ ಹೆಂಡತಿ, ಎಂದೇ ಅಡ್ಡಹೆಸರು. ಅವರ ಕಡೆ ಮದುವೆಯಲ್ಲಿ ಗಂಡಸರೆಲ್ಲ ಹೆಂಡ ಕುಡಿಯುತ್ತಾರೆ, ನಮಾಜು ಮುದುಕರಿಗೆ ಬಿಟ್ಟ ವಿಷಯ. ರಾಯ್ಫೆಯೂ ಹಾಗೇ ಬೆಳೆದವಳು. ಸೆಲ್ವೆ ಏಳನೇ ತಿಂಗಳಿಗೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದಾಗ, ಒಂದು ಪ್ರಾರ್ಥನೆಯೂ ಬಾರದ ಈ ಹೆಂಗಸು ಗೋಡೆಗೆ ಹಣೆ ಹಚ್ಚಿ, ಇವಳನ್ನು ಉಳಿಸಿಕೊಡು, ನಿನ್ನ ಬಿಟ್ಟು ಇನ್ನಾವುದಕ್ಕೂ ಬಗ್ಗುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಮಗು ಉಳಿಯಿತು. ಆಮೇಲೆ ಊರಿನ ಒಬ್ಬ ಮುದುಕಿಯ ಹತ್ತಿರ ಕೂತು ಅಕ್ಷರ ಕಲಿಯುವ ಹುಡುಗಿಯಂತೆ ನಮಾಜು ಕಲಿತಳು. ಜೆಮಾಲ್ ನಕ್ಕಿದ್ದ. ಊರೂ ನಕ್ಕಿತ್ತು.

“ನಂಗಾಗಲ್ಲ ಸಾನಿಯಕ್ಕ,” ಎಂದಳು.

“ಆಗಲ್ವಂತೆ! ನೋಡ್ರೇ ಇವಳ್ನ, ಮೆಕ್ಕಾದಿಂದ ಈಗ್ಲೇ ಇಳಿದು ಬಂದವ್ಳೆ,” ಎಂದು ಓವರ್‌ಲಾಕ್ ಮಿಷನ್ನಿನ ನೆಫಿಯೆ ಕಿಚಾಯಿಸಿದಳು. “ನಾವೆಲ್ಲ ಏನು ಶಿಲುಬೆ ನೆಕ್ಕೋ ನಾಯಿಗಳಾ?”

“ಸುಮ್ಕಿರೇ ಮುಂಡೇದೆ,” ಎಂದು ಸಾನಿಯೆ ಅವಳನ್ನು ಗದರಿ, ರಾಯ್ಫೆಯ ಕೈ ಹಿಡಿದು ಹತ್ತಿರ ಎಳೆದುಕೊಂಡಳು. “ಇಲ್ನೋಡು. ಪಾದ್ರಿ ಮುಂದಕ್ಕೆ ಹಿಡೀತಾನೆ. ನೀನು ಭಾರಿ ಭಕ್ತಿ ಇರೋಳಂಗೆ ಎರಡು ಕೈಲೂ ಹಿಡ್ಕೊ. ಹೆಬ್ಬೆಟ್ಟು ಮ್ಯಾಕೆ ಬರ್ಬೇಕು. ಬಗ್ಗಿ ನಿನ್ನ ಹೆಬ್ಬೆಟ್ಟಿಗೇ ಮುತ್ತು ಕೊಡು. ಶಿಲುಬೆಗೆ ತಾಗಾಕಿಲ್ಲ, ಧಣಿಗೆ ಕಾಣಾಕಿಲ್ಲ. ಸರ್ಕಾರದೋರು ಬಲವಂತವಾಗಿ ನಮ್ಮ ಮುಸಲ್ಮಾನ ಹೆಸರು ಬದಲಾಯಿಸ್ದಾಗ ನಮ್ಮವ್ವದೀರು ಹಿಂಗೇ ಮಾಡ್ತಿದ್ದದ್ದು. ಅವರವ್ವದೀರೂ ಹಿಂಗೇ.”

ಅಷ್ಟೂ ಹೆಂಗಸರು ರೊಟ್ಟಿ ಹಿಡಿದ ಕೈಯ ಹೆಬ್ಬೆರಳು ಎತ್ತಿ ತೋರಿಸಿ ನಕ್ಕರು. ನೆಫಿಯೆ ತನ್ನ ಹೆಬ್ಬೆರಳಿಗೆ ಲೊಚ್ಚನೆ ಮುತ್ತಿಟ್ಟು ತೋರಿಸಿದಳು. ರಾಯ್ಫೆಗೂ ನಗು ಬಂತು.

ಆದರೂ ಮನಸ್ಸು ತಡೆಯದೆ ಶುಕ್ರವಾರ ಮಸೀದಿಯ ಹೋಜನನ್ನು ಕೇಳಲು ಹೋದಳು. ಹೋಜ ಮಸೀದಿಯ ಅಂಗಳದಲ್ಲಿ ನಿಂತು ಹೊಸ ತಗಡಿನ ಮಾಡು ನೋಡುತ್ತಿದ್ದ.

“ಹೆಬ್ಬೆರಳು ಯಾರ್ದು ಮಗಳೇ? ನಿನ್ದೇ. ನಿನ್ನ ಬೆರಳಿಗೆ ನೀನು ಮುತ್ತು ಕೊಟ್ರೆ ಪಾಪ ಎಲ್ಲಿಂದ ಬಂತು?” ಎಂದ.

“ಹೋಜಪ್ಪಾ, ನಾನು ಮಾತು ಕೊಟ್ಟಿವ್ನಿ.”

“ಮಗೀಗೆ ಹೊಟ್ಟೆಗಾಕ್ತೀನಿ ಅಂತಾನೂ ಕೊಟ್ಟಿಲ್ವಾ? ದೇವ್ರು ಹೃದಯ ನೋಡ್ತಾನೆ. ಸ್ತಾಮೆನೋವ್ ಕೆಟ್ಟೋನಲ್ಲ ಕಣಮ್ಮ. ಈ ತಗಡು ಪೂರಾ ಅವ್ನೇ ಹಾಕ್ಸಿದ್ದು. ಅವನಿಗೂ ಒಂದಿಷ್ಟು ಮರ್ಯಾದೆ ಕೊಡ್ಬೇಕು.”

ರಾಯ್ಫೆ ಮಾಡು ನೋಡಿದಳು. ಬಿಸಿಲಿಗೆ ಕಣ್ಣು ಕೋರೈಸುತ್ತಿತ್ತು.

ತೀರ್ಥದ ದಿನ ಮಿಷನ್ನುಗಳ ಮೇಲಿನ ನೂಲು ದೂಳು ಒರೆಸಿದರು. ಮಧ್ಯೆ ಮೇಜಿಟ್ಟು, ಬಿಳಿ ಬಟ್ಟೆ ಹಾಸಿ, ತಾಮ್ರದ ಬೋಗುಣಿಯಲ್ಲಿ ನೀರು, ಪಕ್ಕದಲ್ಲಿ ಕಾಮಕಸ್ತೂರಿಯ ಕಟ್ಟು. ಸ್ತಾಮೆನೋವ್ ಕೋಟು ಹಾಕಿಕೊಂಡು ಬಂದಿದ್ದ. ಅವನ ಜೊತೆ ಅಂಗಿ ಕೊಳ್ಳುವ ಇಬ್ಬರು ಗ್ರೀಕರು. ತನ್ನ ಕಾರ್ಖಾನೆಯಲ್ಲಿ ಮುಸಲ್ಮಾನ ಹೆಂಗಸರೂ ತಾವಾಗಿಯೇ ಶಿಲುಬೆಗೆ ಬಗ್ಗುತ್ತಾರೆ ಎಂದು ಅವರಿಗೆ ಹೇಳಿಕೊಂಡು ಬಂದಿದ್ದ. ಇದನ್ನು ಹೆಂಗಸರ ಎದುರಿಗೇ ಹೇಳಿದ, ಅವರು ಕುರಿಗಳೇನೋ ಎಂಬಂತೆ.

ಪಾದ್ರಿಗೆ ವಯಸ್ಸಾಗಿತ್ತು, ನೆಗಡಿ ಬೇರೆ. ಬೇಗ ಬೇಗ ಮಂತ್ರ ಮುಗಿಸಿ, ಕಾಮಕಸ್ತೂರಿ ಅದ್ದಿ ಮಿಷನ್ನುಗಳಿಗೆ ಚಿಮುಕಿಸಿ, ಹಿತ್ತಾಳೆಯ ಶಿಲುಬೆ ಮುಂದೆ ಹಿಡಿದ. ಸಾಲು ಹೊರಟಿತು. ಮೊದಲು ಸಾನಿಯೆ, ಅವಳ ಹಿಂದೆ ನೆಫಿಯೆ. ಎರಡು ಕೈಯಲ್ಲಿ ಹಿಡಿ, ಬಗ್ಗು, ಸರಿ. ಪಾದ್ರಿ ಎಲ್ಲರ ತಲೆಯ ಮೇಲಿನಿಂದ ಕಿಟಕಿ ನೋಡುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು ಎಂದು ಸಾನಿಯೆ ಎಷ್ಟೋ ಸಲ ಹೇಳಿದ್ದಳು.

ರಾಯ್ಫೆಯ ಸರದಿ ಬಂತು. ಶಿಲುಬೆ ಹಿಡಿದಳು. ಹೆಬ್ಬೆರಳು ಮೇಲೆ ಬಂತು. ಬಗ್ಗಿದಳು. ಮಿಷನ್ನಿನ ಎಣ್ಣೆಯ ವಾಸನೆಯ ತನ್ನದೇ ಬೆರಳು ತುಟಿಗೆ ತಾಗಿತು. ಅದರ ಜೊತೆಗೆ, ಕೆಳದುಟಿಯ ಅಂಚಿಗೆ, ತಣ್ಣಗೆ ಏನೋ ಸೋಕಿದ ಹಾಗಾಯಿತು. ಹಿತ್ತಾಳೆಯೋ, ಭ್ರಮೆಯೋ! ಮುಖ ಎತ್ತಿದಾಗ ಪಾದ್ರಿ ಚಿಮುಕಿಸಿದ ನೀರು ಹಣೆಯ ಮೇಲೆ ಬಿತ್ತು. ಪಕ್ಕಕ್ಕೆ ಸರಿದು ಗೋಡೆಗೆ ಒರಗಿದಳು. ಬೆರಳು ಅಡ್ಡವಿದ್ದರೇನು, ಬಗ್ಗಿದ್ದು ಬಗ್ಗಿದ್ದೇ ಅಲ್ಲವೇ ಎಂದು ಆಗ ಹೊಳೆಯಿತು. ಎಲ್ಲರೆದುರು ಬತ್ತಲೆ ನಿಂತಷ್ಟು ನಾಚಿಕೆಯಾಯಿತು.

ಸಾಲು ಮುಗಿಯಿತು. ಸ್ತಾಮೆನೋವ್ ಮುಗುಳ್ನಗುತ್ತ ಗ್ರೀಕರ ಕಡೆ ತಿರುಗಿದ. ಅಷ್ಟರಲ್ಲಿ ಗ್ರೀಕನೊಬ್ಬ “ಓಹೋ!” ಎಂದು ಕೆಳಗೆ ಬೆರಳು ಮಾಡಿದ.

ಸೆಲ್ವೆ. ಬರಿಗಾಲು, ತಲೆತುಂಬ ನೂಲು, ಕೆನ್ನೆಯ ಮೇಲೆ ರಟ್ಟಿನ ಗೀರು. ಪೆಟ್ಟಿಗೆಯ ತೂತಿನಿಂದ ಇಷ್ಟು ಹೊತ್ತೂ ನೋಡಿದ್ದವಳು ಎಲ್ಲರ ಸರದಿ ಮುಗಿದ ಮೇಲೆ ತನ್ನ ಸರದಿಗೆ ಎದ್ದು ಬಂದಿದ್ದಳು. ಪಾದ್ರಿಯ ಮುಂದೆ ನಿಂತು ಎರಡೂ ಕೈ ಚಾಚಿದಳು.

ಸ್ತಾಮೆನೋವ್‌ನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಗ್ರೀಕರು ನಗುತ್ತಿದ್ದುದು ಕಂಡು ಅವನೂ ನಕ್ಕ. “ನೋಡಿ, ನೋಡಿ! ಇಷ್ಟುದ್ದದ ಮರಿಗೂ ಭಕ್ತಿ ನೋಡಿ! ಕೊಡಿ ಫಾದರ್, ಅದಕ್ಕೂ ಕೊಡಿ.”

ರಾಯ್ಫೆ ಗೋಡೆ ಬಿಟ್ಟು ಮುಂದೆ ಬರುವಷ್ಟರಲ್ಲಿ ಪಾದ್ರಿ ನಡು ಬಗ್ಗಿಸಿ ಶಿಲುಬೆ ಇಳಿಸಿದ. ಮಗು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡಿತು. ಪುಟ್ಟ ಹೆಬ್ಬೆರಳನ್ನು ಸರಿಯಾಗಿ ಮೇಲೆ ಬರುವ ಹಾಗೆ ಇಟ್ಟಿತು. ಸಾಲದೆಂದು ನೋಡಿ, ಇನ್ನಷ್ಟು ಸರಿಪಡಿಸಿತು. ಆಮೇಲೆ ಲೊಚ್ಚನೆ ಬೆರಳಿಗೆ ಮುತ್ತಿಟ್ಟು ತಿರುಗಿ ನೋಡಿತು.

“ಅವ್ವಾ! ನಿನ್ನಂಗೇ ಹೆಬ್ಬೆಟ್ಟಿಗೆ ಕೊಟ್ಟೆ!”

ಒಬ್ಬ ಗ್ರೀಕ ಇನ್ನೊಬ್ಬನ ಕಿವಿಯಲ್ಲಿ ಏನೋ ಹೇಳಿದ. ಆ ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಸ್ತಾಮೆನೋವ್‌ನ ಕತ್ತಿನ ನರ ಉಬ್ಬಿದವು.

“ಓ, ಹಂಗೆ!” ಎಂದ. “ಇಷ್ಟು ವರ್ಷದಿಂದ ಹಂಗೆ! ನನ್ನ ಅನ್ನ ತಿಂದು ನನ್ನ ಕಣ್ಣಿಗೇ ಮಣ್ಣೆರಚ್ತಿದ್ರೇನ್ರೇ ಬೇವರ್ಸಿಗಳಾ! ಸೋನ್ಯಾ, ನೀನೂನಾ? ಥೂ! ನಿಲ್ರೇ ಸಾಲಾಗಿ! ಮತ್ತೆ ಮೊದಲಿಂದ. ಕೈ ಬೆನ್ನ ಹಿಂದೆ!”

“ಹೋಗ್ಲಿ ಬಿಡಿ ಸ್ತಾಮೆನೋವ್. ಆಯ್ತಲ್ಲ,” ಎಂದ ಪಾದ್ರಿ ಮೂಗು ಒರೆಸಿಕೊಳ್ಳುತ್ತ.

“ನೀವು ಸುಮ್ನಿರಿ ಫಾದರ್. ನಿಮ್ಮ ಚರ್ಚಿಗೆ ಗಂಟೆ ಕೊಡಿಸಿದ್ದು ಯಾರು?”

ಪಾದ್ರಿ ಶಿಲುಬೆ ಎತ್ತಿ ಹಿಡಿದ.

ಸಾನಿಯೆ ಮೊದಲು ಹೋದಳು. ಬೆನ್ನ ಹಿಂದೆ ಒಂದು ಕೈ ಇನ್ನೊಂದನ್ನು ಬಿಗಿಯಾಗಿ ಹಿಡಿದಿತ್ತು. ಕತ್ತು ಮುಂದೆ ಚಾಚಿ, ನೀರು ಕುಡಿಯುವ ಹಸುವಿನ ಹಾಗೆ, ಹಿತ್ತಾಳೆಗೆ ತುಟಿ ಹಚ್ಚಿದಳು. ನೆಫಿಯೆ ಹೋದಳು. ಇನ್ನೊಬ್ಬಳು, ಮತ್ತೊಬ್ಬಳು. ಯಾರೂ ಅಳಲಿಲ್ಲ. ಬಂದವರು ಬಾಯಿ ಒರೆಸಿಕೊಳ್ಳಲೂ ಹೆದರಿ, ತುಟಿಗಳನ್ನು ಬೇರೆಯವರದೆಂಬಂತೆ ಅರೆ ತೆರೆದುಕೊಂಡು ನಿಂತರು.

“ತಡೀರಿ,” ಎಂದ ಸ್ತಾಮೆನೋವ್. “ಉಳಿದವರಿಗಿಂತ ಮೊದಲು ಆ ಮರಿ. ಇದೆಲ್ಲ ಶುರುವಾಗಿದ್ದು ಅದರಿಂದ ತಾನೆ. ಸೋನ್ಯಾ, ಅದರ ಕೈ ಹಿಡ್ಕೊ.”

ಸಾನಿಯೆ ಮಗುವಿನ ಎರಡೂ ಮಣಿಕಟ್ಟುಗಳನ್ನು ಹಿಂದೆ ಹಿಡಿದಳು. ಸೆಲ್ವೆಗೆ ಇದೂ ಆಟ. ಕಿಲಕಿಲ ನಗುತ್ತ ಮುಖ ಮುಂದೆ ಚಾಚಿದಳು. ತುಟಿಗೂ ಶಿಲುಬೆಗೂ ನಡುವೆ ರಾಯ್ಫೆಯ ಅಂಗೈ ಬಂದು ಮಗುವಿನ ಬಾಯಿ ಮುಚ್ಚಿತು.

“ಕೈ ತೆಗಿ,” ಎಂದ ಸ್ತಾಮೆನೋವ್.

“ತೆಗೆಯಾಕಿಲ್ಲ ಧಣಿ.”

“ಏನಂದೆ ರೋಸಾ?”

“ರೋಸಾ ಅಲ್ಲ, ರಾಯ್ಫೆ.” ಕಣ್ಣಲ್ಲಿ ನೀರು ಬಂದಿತ್ತು. ಮುಖ ಮಾತ್ರ ತಗ್ಗಲಿಲ್ಲ. “ನಾ ಆಗ್ಲೇ ಮಾಡಿದ್ದು ಹಲ್ಕಾ ಕೆಲ್ಸ. ನಿಮ್ಗೂ ಸುಳ್ಳು, ನಮ್ಮ ದೇವ್ರಿಗೂ ಸುಳ್ಳು. ನಿಮ್ಮ ದೇವ್ರಿಗೂ ಮೋಸ, ಪಾಪ, ಅವ್ನೇನು ಮಾಡಿದ್ದ? ಮಗೀಗೂ ಅದನ್ನೇ ಕಲಿಸ್ದೆ. ನಂಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತದೆ. ಇನ್ನೊಂದ್ಸಲ ಆಗಾಕಿಲ್ಲ.”

“ಕಚೇರಿಗೆ ಏನಂತ ಬರೀತೀನಿ ಗೊತ್ತಾ?”

“ಒಲ್ಲೆ ಅಂದ್ಲು ಅಂತ ಬರೀರಿ. ಅವತ್ತು ಆ ಮೇಡಂ ಮುಂದೆ ಒಲ್ಲೆ ಅಂದಿಲ್ಲ ಅಂದಿದ್ದೆ. ಈಗ ಅಂತೀನಿ. ಒಲ್ಲೆ.”

“ಸೌದೆ ಇಲ್ದೆ ಸಾಯ್ತೀರಿ, ನೀನೂ ನಿನ್ನ ಮರೀನೂ! ನಡಿಯೇ ಆಚೆ, ಹಲ್ಕಟ್ ಮುಂಡೆ!”

ಸಾನಿಯೆ ಮಗುವಿನ ಕೈ ಬಿಟ್ಟಳು. ರಾಯ್ಫೆ ಮಗುವನ್ನು ಎತ್ತಿಕೊಂಡು ಬಾಗಿಲ ಕಡೆ ಹೊರಟವಳು ಸಟ್ಟನೆ ನಿಂತಳು. ಮಗುವಿನ ಕಾಲು ಬರಿಗಾಲು. ಬೂಟುಗಳು ಆ ತುದಿಯಲ್ಲಿ, ಚಿಂದಿಯ ಪೆಟ್ಟಿಗೆಯಲ್ಲಿದ್ದವು. ಹೊರಗೆ ಹಿಮ ಬೀಳದಿದ್ದರೂ ನೆಲ ಹೆಪ್ಪುಗಟ್ಟಿತ್ತು. ಹಾಗೇ ಹೋಗಿಬಿಡೋಣ ಎಂದು ಕಾಲು ಹೇಳಿತು. ಆದರೆ ಅವೇ ಇದ್ದ ಒಂದು ಜೊತೆ.

ತಿರುಗಿದಳು. ಸಾಲಿನಲ್ಲಿ ನಿಂತ ಅಷ್ಟೂ ಹೆಂಗಸರ ಎದುರಿನಿಂದ, ಗ್ರೀಕರ ಎದುರಿನಿಂದ, ಕೋಟು ತೊಟ್ಟ ಸ್ತಾಮೆನೋವ್‌ನ ಎದುರಿನಿಂದ ಮೂಲೆಯವರೆಗೆ ನಡೆದಳು. ಕೈಗಳು ಬೆನ್ನ ಹಿಂದಿದ್ದ ಹೆಂಗಸರು ಅವಳನ್ನು ನೋಡಲಿಲ್ಲ, ಸಿಮೆಂಟಿನ ನೆಲ ನೋಡಿದರು. ಪೆಟ್ಟಿಗೆಯೊಳಗೆ ಕೈಹಾಕಿ ಚಿಂದಿ ಕೆದಕಿದಳು. ಒಂದು ಬೂಟು ಸಿಕ್ಕಿತು. ಇನ್ನೊಂದು ತಳದಲ್ಲೆಲ್ಲೋ ಸೇರಿಕೊಂಡಿತ್ತು, ಅರ್ಧ ಪೆಟ್ಟಿಗೆ ಹೊರಗೆ ಚೆಲ್ಲಬೇಕಾಯಿತು. ಅವಳು ಚೆಲ್ಲಿದಳು.

ಮಗುವನ್ನು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ತಾಮ್ರದ ಬೋಗುಣಿಯ ಎದುರಿಗೇ ಮಂಡಿಯೂರಿದಳು. ಬೂಟಿನ ಪಟ್ಟಿ ಕೊಂಡಿಗೆ ಹೋಗಲೊಲ್ಲದು.

ಅವಳು ಹೊರಡಲೆಂದು ಎಲ್ಲರೂ ಕಾದರು, ಸಾಲು ನಿಂತೇ ಇತ್ತು. ಪಾದ್ರಿಯ ಕೈ ಗಾಳಿಯಲ್ಲೇ ಇತ್ತು. ಇಳಿಸು ಎಂದು ಯಾರೂ ಹೇಳಲಿಲ್ಲ, ಮುಂದಿನವಳು ಬಾ ಎಂದೂ ಹೇಳಲಿಲ್ಲ. ಮುದುಕನ ತೋಳು ಸಣ್ಣಗೆ ಅದುರತೊಡಗಿತು.

“ಅವ್ವಾ,” ಎಂದಳು ಸೆಲ್ವೆ, ಪಿಸುಮಾತಿನಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ. “ನಾನು ಸರಿಯಾಗೇ ಮಾಡಿದ್ನಲ್ಲಾ?”

“ಸರಿಯಾಗೇ ಮಾಡ್ದೆ ಮಗಾ. ತಪ್ಪಾಗಿ ಮಾಡಿದ್ದು ನಾನು.”

ಒಂದು ಬೂಟು ಮುಗಿಯಿತು. ಎರಡನೆಯದಕ್ಕೆ ಪಟ್ಟಿ ಸಿಕ್ಕಿಸಿ ನೋಡಿದಳು. ಸಡಿಲವಾಯಿತು ಅನ್ನಿಸಿತು. ತಲೆ ಎತ್ತಿ, ಸಾಲಿನಲ್ಲಿ ಇನ್ನೂ ಸರದಿ ಬಾರದೆ ಉಳಿದವರ ಕಡೆ ಒಮ್ಮೆ ನೋಡಿ, ಪಟ್ಟಿ ಬಿಚ್ಚಿ, ಮತ್ತೆ ಮೊದಲಿನಿಂದ, ನಿಧಾನವಾಗಿ ಕಟ್ಟತೊಡಗಿದಳು.